ಕಾದಂಬರಿ ತಂದುಕೊಟ್ಟ ಎಲ್ಲರಿಗೂ

ಮಗಳು ಹುಟ್ಟಿದಳು, ಇಬ್ಬರೂ ಚೆನ್ನಾಗಿದ್ದೇವೆ. ವಿಚಾರಿಸಿದವರಿಗೆಲ್ಲ ಒಬ್ಬೊಬ್ಬರಿಗೇ ಉತ್ತರ ಕೊಡಲು ಆಗಲಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಊಟ ಕಳಿಸಿದವರಿಗೆ, ನಡುರಾತ್ರಿ ಕಾರು ತಂದವರಿಗೆ ತುಂಬಾ ಥ್ಯಾಂಕ್ಸ್. ಆದರೆ ಇವತ್ತು ಬರೆಯುತ್ತಿರುವುದು ಕಾದಂಬರಿ ತಂದುಕೊಟ್ಟವರಿಗಾಗಿ.

ಐದನೇ ತಿಂಗಳಲ್ಲೇ ಡಾಕ್ಟರು ಪೂರ್ತಿ ಬೆಡ್ ರೆಸ್ಟ್ ಅಂದುಬಿಟ್ಟರು. ಫೋನ್ ಕೈಗೆ ಸಿಕ್ಕರೆ ಇಲ್ಲದ ಕಾಯಿಲೆಗಳನ್ನೆಲ್ಲ ಹುಡುಕಿ ಓದುತ್ತಿದ್ದೆ, ಆಮೇಲೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಚಿಕ್ಕಮ್ಮ ಫೋನ್ ಕಿತ್ತಿಟ್ಟು, ಅಟ್ಟದಲ್ಲಿದ್ದ ಹಳೇ ಕಾದಂಬರಿಗಳನ್ನು ಇಳಿಸಿ ತಂದರು. ಸಾಯಿಸುತೆ, ವಾಣಿ, ಉಷಾ ನವರತ್ನರಾಂ ಬರೆದವು. ಕೆಲವಂತೂ ವಾರಪತ್ರಿಕೆಯ ಧಾರಾವಾಹಿ ಹಾಳೆ ಕಿತ್ತು ದಬ್ಬಣದಲ್ಲಿ ಹೊಲಿದವು, ಜಾಹೀರಾತು ಸಮೇತ!

ನಾಯಕ ಶ್ರೀಮಂತ, ಮಾತು ಕಡಿಮೆ, ಕೋಪ ಜಾಸ್ತಿ. ನಾಯಕಿಗೆ ದುಡ್ಡಿಲ್ಲ, ಸ್ವಾಭಿಮಾನ ಬೇಕಾದಷ್ಟಿದೆ. ಹತ್ತು ಪುಟ ಓದುವಷ್ಟರಲ್ಲಿ ಯಾರಿಗೆ ಯಾರು ಅಂತ ಗೊತ್ತಾಗಿಬಿಡುತ್ತದೆ, ಅದಕ್ಕೇ ಜನ ನಗುತ್ತಾರೆ. ನಗಲಿ. ನಾಳೆ ಸ್ಕ್ಯಾನಿಂಗ್‌ನಲ್ಲಿ ಏನು ಹೇಳುತ್ತಾರೋ ಅಂತ ಜೀವ ಹಿಡಿದುಕೊಂಡು ಮಲಗಿದವಳಿಗೆ ಕೊನೆ ಚೆನ್ನಾಗಿರುತ್ತದೆ ಅಂತ ಮೊದಲೇ ಗೊತ್ತಿರುವ ಕಥೆಯೇ ಬೇಕಿತ್ತು. ಸಾಯಿಸುತೆ ನೂರಕ್ಕೂ ಹೆಚ್ಚು ಕಾದಂಬರಿ ಬರೆದಿದ್ದಾರೆ, ಒಂದು ಮುಗಿದರೆ ಮುಂದೇನು ಅನ್ನುವ ಚಿಂತೆಯೂ ಇರಲಿಲ್ಲ.

ಎಚ್.ಜಿ. ರಾಧಾದೇವಿಯವರ 'ಅನುರಾಗದ ಅಂತಃಪುರ' ತಂದುಕೊಟ್ಟ ಪಕ್ಕದ ಮನೆ ಆಂಟಿಗೆ ವಿಶೇಷ ಥ್ಯಾಂಕ್ಸ್. 1986ರ 'ಅನುರಾಗ ಅರಳಿತು' ಸಿನಿಮಾ ಬಂದಿದ್ದು ಇದರಿಂದಲೇ. ಇನ್ನೊಂದು ಪುಸ್ತಕದಲ್ಲಿ ಕೊನೆಯ ಹಾಳೆಗಳೇ ಇರಲಿಲ್ಲ, ಎಂಥಾ ಅನ್ಯಾಯ ಅಲ್ವಾ? ಗೆಳತಿ ಎಲ್ಲೆಲ್ಲೋ ವಿಚಾರಿಸಿ ಆ ಪುಟಗಳ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿದಳು. ಕಣೇ, ನಿನ್ನ ಋಣ ದೊಡ್ಡದು.

ಎಂ.ಕೆ. ಇಂದಿರಾ ಅವರನ್ನು ಕೊಟ್ಟಿದ್ದು ಅಮ್ಮ. ನಲವತ್ತು ದಾಟಿದ ಮೇಲೆ ಬರೆಯಲು ಕೂತು, 1963ರಲ್ಲಿ 'ತುಂಗಭದ್ರ' ತಂದವರು. ಮಲೆನಾಡಿನ ಆ ಮನೆಗಳ ಅಡುಗೆಮನೆಯಲ್ಲಿ ನಾನೂ ಓಡಾಡಿ ಬಂದೆ, ಏಳಲೇಬಾರದು ಅಂದಿದ್ದ ದಿನಗಳಲ್ಲಿ.

ತ್ರಿವೇಣಿಯವರ ಕಾದಂಬರಿಗಳಲ್ಲಿ ಒಂದನ್ನು ಮಾತ್ರ ಅತ್ತೆ ಮುಟ್ಟಲು ಬಿಡಲಿಲ್ಲ. 'ಬೆಳ್ಳಿಮೋಡ' ಆಗಬಹುದು, 'ಶರಪಂಜರ' ಈಗ ಬೇಡ ಅಂತ ಅದನ್ನು ಬೀರುವಿನಲ್ಲಿ ಸೀರೆ ಕೆಳಗೆ ಇಟ್ಟುಬಿಟ್ಟರು. ಕಾರಣ ನನಗೂ ಗೊತ್ತಿತ್ತು. ಹೆರಿಗೆಯ ನಂತರ ಅದರ ನಾಯಕಿ ಕಾವೇರಿಯ ಮನಸ್ಸು ಕೆಡುತ್ತದೆ. ತ್ರಿವೇಣಿಯವರೂ 1963ರಲ್ಲಿ ಹೆರಿಗೆಯಾದ ಸ್ವಲ್ಪ ದಿನಕ್ಕೇ ತೀರಿಕೊಂಡರು, ಮೂವತ್ತೈದೂ ತುಂಬಿರಲಿಲ್ಲ. ಅತ್ತೆ ಇದನ್ನೆಲ್ಲ ಬಾಯಿಬಿಟ್ಟು ಹೇಳಲಿಲ್ಲ, ಸುಮ್ನೆ ಪುಸ್ತಕ ಬಚ್ಚಿಟ್ಟರು. ನಿಮ್ಮ ಆ ಕಾಳಜಿಗೂ ಥ್ಯಾಂಕ್ಸ್ ಅತ್ತೆ.

ಮೊನ್ನೆ ಅವರೇ ತಂದುಕೊಟ್ಟರು. ಮಗು ಮಲಗಿದಾಗ ಓದುತ್ತಿದ್ದೇನೆ. ಕಾಯಿಲೆಗಿಂತ ಹೆಚ್ಚು ನೋಯಿಸುವುದು ಅವಳು ವಾಸಿಯಾಗಿ ಬಂದ ಮೇಲೂ ಮನೆಯವರು ಅವಳನ್ನು ನೋಡುವ ರೀತಿ. ಬಾಣಂತಿ ಸುಮ್ಮನೆ ಅತ್ತರೂ ಗಾಬರಿಯಾಗದೆ ಪಕ್ಕದಲ್ಲಿ ಕೂತ ನನ್ನ ಗಂಡನಿಗೆ ಇದನ್ನು ಓದುವಾಗ ಮನಸ್ಸಿನಲ್ಲೇ ಥ್ಯಾಂಕ್ಸ್ ಹೇಳಿದ್ದೇನೆ, ಈಗ ಇಲ್ಲೂ ಹೇಳಿದಂತಾಯಿತು.

ಪುಸ್ತಕಗಳನ್ನೆಲ್ಲ ಹೆಸರು ಬರೆದು ಜೋಡಿಸಿಟ್ಟಿದ್ದೇನೆ, ಮಗು ನೋಡಲು ಬಂದಾಗ ತೆಗೆದುಕೊಂಡು ಹೋಗಿ. 'ತುಂಗಭದ್ರ' ಮಾತ್ರ ಕೇಳಬೇಡಿ, ಇನ್ನೊಂದು ಸಲ ಓದಬೇಕು.