ಮದ್ದು ಸಿಕ್ಕಿದೆ, ನನಗಿನ್ನೂ ಸಿಕ್ಕಿಲ್ಲ

ಮಾನ್ಯ ಸಂಪಾದಕರೇ,

‘ರಕ್ತ ಕ್ಯಾನ್ಸರ್‌ಗೆ ಕೊನೆಗೂ ಮದ್ದು’ ಎಂಬಂಥ ತಲೆಬರಹ ಬಂದ ದಿನ ನನ್ನ ಫೋನಿಗೆ ಬಿಡುವೇ ಇರುವುದಿಲ್ಲ. ‘ಇನ್ನೇನು, ವಾಸಿ ಆಯ್ತಲ್ಲ!’ ಎನ್ನುತ್ತಾರೆ. ಆಗಿಲ್ಲ. ನನಗಿರುವ ರಕ್ತ ಕ್ಯಾನ್ಸರ್, ಅಂದರೆ ಲ್ಯುಕೇಮಿಯಾ, ಎರಡನೇ ಸಲ ಮರಳಿ ಬಂದಿದೆ.

ನಾನು ಕಾಯುತ್ತಿರುವುದು ಕಾರ್-ಟಿ ಚಿಕಿತ್ಸೆಗೆ. ನಮ್ಮದೇ ರಕ್ತದಿಂದ ಟಿ ಕಣಗಳನ್ನು (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು) ತೆಗೆದು, ಕ್ಯಾನ್ಸರ್ ಕಣದ ಮೇಲಿನ ಸಿಡಿ19 ಎಂಬ ಗುರುತನ್ನು ಪತ್ತೆ ಹಚ್ಚುವಂತೆ ಬದಲಿಸಿ, ಮತ್ತೆ ನಮಗೇ ಏರಿಸುತ್ತಾರೆ. ಅಮೆರಿಕದಲ್ಲಿ ಇದಕ್ಕೆ ಮೊದಲ ಒಪ್ಪಿಗೆ ಸಿಕ್ಕಿದ್ದು 2017ರಲ್ಲಿ. ಅದೂ ಒಂದು ಬಗೆಯ ಲ್ಯುಕೇಮಿಯಾಕ್ಕೆ, 25 ವರ್ಷದವರೆಗಿನವರಿಗೆ ಮಾತ್ರ.

ಕೇಳಿದವರಿಗೆಲ್ಲ ಇದು ಸಿಗಲ್ಲ. ನನ್ನ ಕ್ಯಾನ್ಸರ್ ಕಣಗಳಲ್ಲಿ ಆ ಗುರುತು ಇರಬೇಕು. ಹೃದಯ, ಕಿಡ್ನಿ, ಲಿವರ್ ಗಟ್ಟಿ ಇರಬೇಕು. ಸೋಂಕು ಇರಬಾರದು. ಬೇರೆ ಮದ್ದು ಸೋಲುವಷ್ಟು ಕಾಯಿಲೆಯೂ ಬೇಕು, ಈ ಚಿಕಿತ್ಸೆ ತಡೆದುಕೊಳ್ಳುವಷ್ಟು ಆರೋಗ್ಯವೂ ಬೇಕು. ತಮಾಷೆ ಅಲ್ವಾ? ಒಂದು ಸೀನು ಬಂದರೂ ನನ್ನ ಎದೆ ಧಸಕ್ಕೆನ್ನುತ್ತದೆ. ಥರ್ಮಾಮೀಟರ್ ದಿಂಬಿನ ಪಕ್ಕದಲ್ಲೇ ಇದೆ.

ಚಿಕಿತ್ಸೆ ಸಿಕ್ಕ ಮೇಲೂ ಎಲ್ಲ ಸಲೀಸಲ್ಲ. ಜೋರು ಜ್ವರ ಬರಬಹುದು, ರಕ್ತದೊತ್ತಡ ಕುಸಿಯಬಹುದು. ಕೆಲವರಲ್ಲಿ ಕಾಯಿಲೆ ಮತ್ತೆ ಬರುತ್ತದೆ. ದಯವಿಟ್ಟು ಇವನ್ನೂ ಬರೆಯಿರಿ. ಯಾರಿಗೆ ಸಿಗುತ್ತದೆ, ಯಾರಿಗೆ ಇಲ್ಲ ಎನ್ನುವುದನ್ನು ಮೊದಲ ಪ್ಯಾರಾದಲ್ಲೇ ಹಾಕಿ.

ನನ್ನ ತಪಾಸಣೆಯ ವರದಿ ಮುಂದಿನ ವಾರ ಬರುತ್ತದೆ. ಅಲ್ಲಿಯವರೆಗೆ ಫೋನ್ ಸೈಲೆಂಟ್‌ನಲ್ಲಿರುತ್ತದೆ.

ಇಂತಿ,
ನಿಮ್ಮ ಹಳೆಯ ಓದುಗ