ನನ್ನ ಕೋಶಗಳನ್ನು ಕಾಪಾಡಿದವರಿಗೆ

ಕಳೆದ ಗುರುವಾರ ನನ್ನ ಪಿಎಚ್.ಡಿ. ಮೌಖಿಕ ಪರೀಕ್ಷೆ ಮುಗಿಯಿತು. ಏಳು ವರ್ಷ ಹಿಡಿಯಿತು. ಹೊರಗೆ ಕಾರಿಡಾರಿನಲ್ಲಿ ಕಾಯುತ್ತಿದ್ದವರಿಗೆಲ್ಲ ಏನಾದರೂ ಹೇಳಬೇಕೆಂದಿದ್ದೆ, ಗಂಟಲು ಕಟ್ಟಿತು. ಅಂದು ಆಡಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

"ನಮ್ಮ ಬೆಂಗಳೂರಿನಲ್ಲಿ ಇಲ್ಲದ ಕಾಯಿಲೆಗೆ ಇಲ್ಲಿ ಕುಳಿತು ಯಾಕಮ್ಮ ಮದ್ದು ಹುಡುಕುತ್ತೀಯ?" ಎಂದು ಮಲ್ಲೇಶ್ವರದಲ್ಲಿ ನಾನಿದ್ದ ಮನೆಯ ಮಾಲೀಕರಾದ ಅಜ್ಜಿ ಕೇಳುತ್ತಿದ್ದರು. ಅದಕ್ಕೆ ಉತ್ತರ ಸಿಕ್ಕಿದ್ದು ಪ್ರಯೋಗಾಲಯದಲ್ಲಿ ಪಕ್ಕದ ಮೇಜಿನ ಗೆಳೆಯನಿಂದ. ಅವನ ಊರು ಬಿಹಾರದ ಮುಜಫ್ಫರಪುರ. ಅವನ ಅಜ್ಜನಿಗೆ ಕಾಲಾ ಆಜಾರ್ ಬಂದಿತ್ತು: ವಾರಗಟ್ಟಲೆ ಬಿಡದ ಜ್ವರ, ಗುಲ್ಮ ಊದಿ ಉಬ್ಬಿದ ಹೊಟ್ಟೆ, ಕಪ್ಪಿಟ್ಟ ಚರ್ಮ. ಮಣ್ಣಿನ ಗೋಡೆಯ ಬಿರುಕುಗಳಲ್ಲಿ ಅಡಗುವ ಮರಳು ನೊಣ ಅದನ್ನು ಹರಡುತ್ತದೆ. ದಶಕಗಳ ಕಾಲ ಜೀವ ಉಳಿಸಿದ ಆಂಟಿಮನಿ ಚುಚ್ಚುಮದ್ದು ಬಿಹಾರದ ಹಲವೆಡೆ ಕೆಲಸ ಮಾಡದಂತಾಗಿತ್ತು, ಅಜ್ಜನಿಗೂ ನಾಟಲಿಲ್ಲ. ಇದನ್ನು ಅವನು ಒಂದೇ ಸಲ ಹೇಳಿದ್ದು. ಗೆಳೆಯಾ, ಈಗ ನೀನು ಕನ್ನಡ ಓದುತ್ತೀಯ ಎಂಬ ಧೈರ್ಯದಿಂದ ಹೇಳುತ್ತಿದ್ದೇನೆ, ಮೊದಲ ವಂದನೆ ನಿನಗೆ.

ನನ್ನ ಗುರುಗಳು ಮೊದಲ ದಿನ ಹಲಗೆಯ ಮೇಲೆ ಬರೆದು ತೋರಿಸಿದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ನಮ್ಮ ದೇಹದ ಭಕ್ಷಕ ಕೋಶ ರೋಗಾಣುವನ್ನು ನುಂಗಿ, ಹೈಡ್ರೋಜನ್ ಪೆರಾಕ್ಸೈಡಿನಂಥ ವಿಷ ಸುರಿದು ಕೊಲ್ಲುತ್ತದೆ. ಕಾಲಾ ಆಜಾರ್ ತರುವ ಪರಾವಲಂಬಿ ಲೀಶ್ಮೇನಿಯಾ ಮಾತ್ರ ಅದೇ ಕೋಶದೊಳಗೆ ಬಿಡಾರ ಹೂಡುತ್ತದೆ. ಪೆರಾಕ್ಸೈಡನ್ನು ಒಡೆಯುವ ಕ್ಯಾಟಲೇಸ್ ಕಿಣ್ವ ಅದರಲ್ಲಿಲ್ಲ. ಬದಲಿಗೆ ಎರಡು ಗ್ಲುಟಾಥಯೋನ್ ಅಣುಗಳನ್ನು ಸ್ಪರ್ಮಿಡಿನ್ ಕೊಂಡಿಯಿಂದ ಬೆಸೆದು ಟ್ರಿಪನೊಥಯೋನ್ ಮಾಡಿಕೊಳ್ಳುತ್ತದೆ. 1985ರಲ್ಲಿ ಬೆಳಕಿಗೆ ಬಂದ ಈ ಅಣು ವಿಷವನ್ನು ತಣಿಸುತ್ತ ತಾನು ಬರಿದಾಗುತ್ತದೆ. ಬರಿದಾದ ಕೊಡವನ್ನು ಮತ್ತೆ ಮತ್ತೆ ತುಂಬಿಕೊಡುವುದು ಟ್ರಿಪನೊಥಯೋನ್ ರಿಡಕ್ಟೇಸ್ ಕಿಣ್ವ. ಮನುಷ್ಯನಲ್ಲಿ ಅದಿಲ್ಲ. ನಮ್ಮಲ್ಲಿ ಅಂಥದೇ ಕೆಲಸ ಮಾಡುವ ಗ್ಲುಟಾಥಯೋನ್ ರಿಡಕ್ಟೇಸಿನಲ್ಲಿ ಅಣು ಬಂದು ಕೂರುವ ಕುಳಿ ಕಿರಿದು ಮತ್ತು ಧನ ಆವೇಶದ್ದು, ಪರಾವಲಂಬಿಯ ಕಿಣ್ವದ್ದು ಅಗಲ ಮತ್ತು ಋಣ ಆವೇಶದ್ದು. ಅದರ ಕೆಲಸ ತಡೆಯಲು ಅಲ್ಲಿ ಕೂರುವ, ನಮ್ಮದರಲ್ಲಿ ಕೂರದ ಅಣು ಬೇಕಿತ್ತು. ಹಳೆಯ ಆಂಟಿಮನಿಯೂ ಈ ಕಿಣ್ವವನ್ನು ತಡೆಯುತ್ತದೆ ಎಂದು ಓದಿದ ದಿನ ನನಗೆ ಆ ಅಜ್ಜನ ನೆನಪಾಗಿತ್ತು.

ನಾಲ್ಕನೆಯ ವರ್ಷ ನನ್ನ ಅತ್ಯುತ್ತಮ ಅಣು ಕೈಕೊಟ್ಟಿತು. ಪ್ರನಾಳದಲ್ಲಿ ಕಿಣ್ವವನ್ನು ಕಟ್ಟಿಹಾಕಿದ್ದು, ಸೋಂಕು ತಗುಲಿದ ಕೋಶದೊಳಗೆ ಏನೂ ಮಾಡಲಿಲ್ಲ. ಅದು ಒಂದರ ಹಿಂದೊಂದು ಪೊರೆ ದಾಟಬೇಕು. ದಾಟಿದರೂ, ಕಿಣ್ವದ ಒಂದು ಪಾಲು ಉಳಿದರೆ ಪರಾವಲಂಬಿಗೆ ಅಷ್ಟೇ ಸಾಕಾಗುತ್ತದೆ. ಆ ಅಧ್ಯಾಯವನ್ನು ಕೈಬಿಡುತ್ತೇನೆಂದು ಅತ್ತಾಗ ಗುರುಗಳು, "ಆಗದ್ದನ್ನೂ ಆದದ್ದರಷ್ಟೇ ನಿಚ್ಚಳವಾಗಿ ಬರೆ" ಎಂದರು. ಗುರುವಾರ ಪರೀಕ್ಷಕರು ಅತಿ ಹೆಚ್ಚು ಹೊತ್ತು ಮಾತನಾಡಿದ್ದು ಅದರ ಬಗ್ಗೆಯೇ. ಸರ್, ನಿಮ್ಮ ಋಣ ದೊಡ್ಡದು.

2020ರ ಲಾಕ್‌ಡೌನ್ ಬಂದಾಗ ನಾನು ತಿಪಟೂರಿನ ಮನೆಯಲ್ಲಿ ಸಿಕ್ಕಿಕೊಂಡೆ. ಬಹುಕಾಲ ಗಾಜಿನಲ್ಲೇ ಬೆಳೆಸಿದರೆ ಲೀಶ್ಮೇನಿಯಾ ಸೋಂಕು ತಗುಲಿಸುವ ಕಸುವನ್ನು ಕಳೆದುಕೊಳ್ಳುತ್ತದೆ. ಹಾಗಾಗಿ ದ್ರವ ಸಾರಜನಕದಲ್ಲಿ ಮುಳುಗಿಸಿಟ್ಟ ಪರಾವಲಂಬಿಯ ಮೊದಲ ಸೀಸೆಗಳೇ ನನ್ನ ಆಸ್ತಿ. ಸಾರಜನಕ ಆರಿದರೆ ಎಲ್ಲವೂ ಹೋದಂತೆ. ನಮ್ಮ ತಾಂತ್ರಿಕ ಸಹಾಯಕರು ಪಾಸ್ ಹಿಡಿದು ಪೀಣ್ಯದಿಂದ ಸ್ಕೂಟರಿನಲ್ಲಿ ಬಂದು ತುಂಬಿಸುತ್ತಿದ್ದರು. ಪ್ರತಿ ವಾರ ಮರದ ಅಳತೆಗೋಲನ್ನು ಅದ್ದಿ ತೆಗೆದು, ಮಂಜು ಎಲ್ಲಿಯವರೆಗೆ ಹಿಡಿದಿದೆ ಎಂದು ಫೋಟೊ ಕಳುಹಿಸುತ್ತಿದ್ದರು. ನಾನು ಒಮ್ಮೆಯೂ ಕೇಳಿರಲಿಲ್ಲ. ಆ ಫೋಟೊಗಳೆಲ್ಲ ಇನ್ನೂ ನನ್ನ ಮೊಬೈಲಿನಲ್ಲಿವೆ. ಅಣ್ಣಾ, ಆಗ ಫೋನಿನಲ್ಲಿ ಬರಿದೆ "ಸರಿ" ಎಂದಿದ್ದೆ, ಕ್ಷಮಿಸಿ.

ಗಾಜಿನ ಸಾಮಾನು ತೊಳೆಯುವ ಅಕ್ಕ, ಸೋಪಿನ ಒಂದಿಷ್ಟು ಅಂಶ ಉಳಿದರೂ ಕೋಶಗಳು ಉಳಿಯುವುದಿಲ್ಲ ಎಂದು ನನಗಿಂತ ಮೊದಲು ತಿಳಿದಿದ್ದವರು ನೀವು. ನೀವು ತೊಳೆದ ಸೀಸೆಯಿಂದ ನನ್ನ ಒಂದು ಪ್ರಯೋಗವೂ ಕೆಡಲಿಲ್ಲ.

ಕೊನೆಯ ವರ್ಷ ತಿದ್ದಿ ಕಟ್ಟಿದ ಅಣು ಕೋಶದೊಳಗಿನ ಪರಾವಲಂಬಿಗಳನ್ನು ಕಡಿಮೆ ಮಾಡಿತು. ಅದು ಔಷಧವಲ್ಲ. ಮುಂದಿನ ಪರೀಕ್ಷೆಗಳನ್ನು ಕಿರಿಯರಿಬ್ಬರು ನಡೆಸುತ್ತಾರೆ, ನನ್ನ ಟಿಪ್ಪಣಿ ಪುಸ್ತಕಗಳನ್ನು ಅವರ ಮೇಜಿನ ಮೇಲಿಟ್ಟಿದ್ದೇನೆ.

ಸೋಮವಾರ ಮಧ್ಯಾಹ್ನ ಅಪ್ಪ ಅಮ್ಮ ತಿಪಟೂರಿನಿಂದ ಕಾಯಿ ಹೋಳಿಗೆ ತರುತ್ತಾರೆ. ಮಲ್ಲೇಶ್ವರದ ಅಜ್ಜಿಯೂ ಬರುತ್ತಾರೆ. ಕ್ಯಾಂಟೀನಿನ ಪಕ್ಕದ ಹೊಂಗೆ ಮರದ ಕೆಳಗೆ ಒಂದು ಗಂಟೆಗೆ ಎಲ್ಲರೂ ಬನ್ನಿ.