ಕದನ ವಿರಾಮದ ನಂತರದ ಹತ್ತು ವರ್ಷಗಳಿಗೂ ಯೋಜನೆ ಬೇಕು

ಮಾನ್ಯ ಸಂಪಾದಕರೇ,

ಕದನ ವಿರಾಮ ಘೋಷಣೆಯಾದ ಕೆಲವೇ ವಾರಗಳಲ್ಲಿ ಯುದ್ಧದ ಸುದ್ದಿ ಒಳಪುಟಕ್ಕೆ ಸರಿಯುತ್ತದೆ. ಯುದ್ಧ ಕಂಡ ಅನೇಕ ಮಕ್ಕಳ ಮನಸ್ಸಿನ ತೊಂದರೆ ಹೊರಗೆ ಕಾಣಿಸಿಕೊಳ್ಳುವುದೇ ಆಗ. ಬಾಂಬ್ ಬೀಳುತ್ತಿರುವಾಗ ಓಡುವುದು, ಅಡಗುವುದು, ತಮ್ಮ ತಂಗಿಯರ ಕೈ ಬಿಡದಿರುವುದು ಇಷ್ಟರಲ್ಲೇ ಮಗು ಮುಳುಗಿರುತ್ತದೆ. ಅಪಾಯ ಕಳೆದ ಮೇಲೆ ನಿದ್ದೆ ಕೆಡುತ್ತದೆ, ಪಾಠ ತಲೆಗೆ ಹತ್ತುವುದಿಲ್ಲ, ಸಣ್ಣ ಮಾತಿಗೂ ಸಿಟ್ಟು ನೆತ್ತಿಗೇರುತ್ತದೆ. ಕೆಲವರಲ್ಲಿ ಇದು ವರ್ಷಗಳ ನಂತರ, ಓದು ಮುಗಿದಾಗಲೋ ತಾವೇ ತಂದೆ ತಾಯಿ ಆದಾಗಲೋ ಮೇಲೆದ್ದು ಬರುತ್ತದೆ. ಆದರೆ ಪರಿಹಾರದ ಹಣ ಬರುವುದು ಆರು ತಿಂಗಳಿಗೋ ಒಂದು ವರ್ಷಕ್ಕೋ. ಮಕ್ಕಳ ಮಾನಸಿಕ ಆರೋಗ್ಯದ ಕ್ಷೇತ್ರದಲ್ಲಿರುವ ನಾವು ಈ ಪತ್ರ ಬರೆಯುತ್ತಿರುವುದು ಈ ಅಂತರದ ಬಗ್ಗೆಯೇ.

ಸಂಘರ್ಷಪೀಡಿತ ಪ್ರದೇಶಗಳಲ್ಲಿ ಶೇ 22ರಷ್ಟು ಜನ ಖಿನ್ನತೆ, ಆತಂಕ, ಪಿಟಿಎಸ್‌ಡಿ (ಆಘಾತ ಕಳೆದ ಮೇಲೂ ಕಾಡುವ ಮಾನಸಿಕ ಒತ್ತಡದ ಕಾಯಿಲೆ) ಮುಂತಾದ ಯಾವುದಾದರೊಂದು ಮಾನಸಿಕ ಕಾಯಿಲೆಯಿಂದ ಬಳಲುತ್ತಿರುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂದಾಜಿಸಿತು. ಒಟ್ಟು ಜನರಲ್ಲಿ ಶೇ 9ರಷ್ಟು ಮಂದಿಗೆ ಅದು ಮಧ್ಯಮ ಅಥವಾ ತೀವ್ರ ಸ್ವರೂಪದ್ದು. ಇಷ್ಟು ಜನರಿಗೆ ಸಾಲುವಷ್ಟು ಮನೋವೈದ್ಯರು ಯಾವ ಯುದ್ಧಪೀಡಿತ ನಾಡಿನಲ್ಲೂ ಇರುವುದಿಲ್ಲ. ಎಲ್ಲರಿಗೂ ಮನೋವೈದ್ಯರು ಬೇಕಾಗಿಯೂ ಇಲ್ಲ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳೂ ನೆರವು ಸಂಸ್ಥೆಗಳೂ ಕೂಡಿ 2007ರಲ್ಲಿ ರೂಪಿಸಿದ ಮಾರ್ಗಸೂಚಿ ಈ ಕೆಲಸವನ್ನು ನಾಲ್ಕು ಹಂತಗಳಲ್ಲಿ ನೋಡುತ್ತದೆ. ತಳದಲ್ಲಿ ಸುರಕ್ಷತೆ, ಅನ್ನ, ನೀರು, ಸೂರು. ಅದರ ಮೇಲೆ ಕುಟುಂಬ ಮತ್ತು ಸಮುದಾಯದ ಆಸರೆ. ಆಮೇಲೆ ತರಬೇತಿ ಪಡೆದ ಶಿಕ್ಷಕರು, ಆರೋಗ್ಯ ಕಾರ್ಯಕರ್ತರು ಕೊಡುವ ನೆರವು. ತುದಿಯಲ್ಲಿ ತಜ್ಞರ ಚಿಕಿತ್ಸೆ. ತಳದ ಎರಡು ಹಂತ ಕುಸಿದರೆ ಮೇಲಿನ ಎರಡು ನಿಲ್ಲುವುದಿಲ್ಲ. ರಾತ್ರಿ ಶೌಚಾಲಯಕ್ಕೆ ಕತ್ತಲಲ್ಲಿ ಒಬ್ಬಳೇ ಹೋಗಬೇಕಾದ ಶಿಬಿರದ ಹುಡುಗಿಗೆ ಆತಂಕದ ಚಿಕಿತ್ಸೆ ಕೊಡುವ ಮೊದಲು ಅಲ್ಲೊಂದು ದೀಪ ಹಾಕಿಸಬೇಕು, ಬಾಗಿಲಿಗೆ ಚಿಲಕ ಹಾಕಿಸಬೇಕು.

ಮೊದಲ ವಾರಗಳಲ್ಲಿ ಎರಡು ತಪ್ಪುಗಳು ಪದೇ ಪದೇ ಆಗುತ್ತವೆ. ಮಕ್ಕಳನ್ನು ಕೂರಿಸಿ ಕಂಡದ್ದನ್ನೆಲ್ಲ ಒಂದೇ ಬೈಠಕ್ಕಿನಲ್ಲಿ ಹೇಳಿಸುವುದು ಮೊದಲನೆಯದು. ಇದು ಪಿಟಿಎಸ್‌ಡಿ ತಡೆಯುವುದಿಲ್ಲ, ಕೆಲವರಿಗೆ ಹಾನಿಯನ್ನೂ ಮಾಡಬಹುದು. ಹೇಳಿಸಿಕೊಂಡವರು ಮರುದಿನ ಹೊರಟುಹೋಗುತ್ತಾರೆ, ಕೆದಕಿದ ನೆನಪು ಮಗುವಿನ ಬಳಿಯೇ ಉಳಿಯುತ್ತದೆ. ಎರಡನೆಯದು ನಿದ್ದೆ ಬರಲೆಂದು ಡಯಾಜೆಪಾಮ್ ಗುಂಪಿನ ಮಾತ್ರೆ ಕೊಡುವುದು. ಆಘಾತದ ಮೊದಲ ತಿಂಗಳಲ್ಲಿ ಮಕ್ಕಳಿಗೂ ದೊಡ್ಡವರಿಗೂ ಇದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಸ್ಪಷ್ಟವಾಗಿ ಹೇಳಿದೆ. ಆ ದಿನಗಳಲ್ಲಿ ಮಗುವಿಗೆ ಬೇಕಾದದ್ದು ತನ್ನವರ ಪತ್ತೆ, ಮಲಗಲು ನಿಶ್ಚಿತ ಜಾಗ, ಮುಂದೇನು ಎಂಬುದರ ನಿಜವಾದ ಮಾಹಿತಿ. ಅಪ್ಪ ತೀರಿಕೊಂಡಿದ್ದರೆ ‘ಊರಿಗೆ ಹೋಗಿದ್ದಾರೆ’ ಎನ್ನಬಾರದು. ಒಂದಲ್ಲ ಒಂದು ದಿನ ಸತ್ಯ ಗೊತ್ತಾಗುತ್ತದೆ, ಆಗ ಮಗು ಉಳಿದ ದೊಡ್ಡವರನ್ನೂ ನಂಬುವುದಿಲ್ಲ.

ದೀರ್ಘಕಾಲದಲ್ಲಿ ಏನಾಗುತ್ತದೆಂಬುದಕ್ಕೆ ಸಿಯೆರಾ ಲಿಯೋನ್ ಒಳ್ಳೆಯ ಉದಾಹರಣೆ. 1991ರಿಂದ 2002ರವರೆಗೆ ನಡೆದ ಅಲ್ಲಿನ ಅಂತರ್ಯುದ್ಧದಲ್ಲಿ ಸಾವಿರಾರು ಮಕ್ಕಳ ಕೈಗೆ ಬಂದೂಕು ಕೊಡಲಾಗಿತ್ತು. ಅವರಲ್ಲಿ ಹಲವರನ್ನು ಸಂಶೋಧಕರು 2002ರಿಂದ ಪ್ರೌಢ ವಯಸ್ಸಿನವರೆಗೂ ಗಮನಿಸುತ್ತ ಬಂದರು. ಯುದ್ಧದಲ್ಲಿ ಕಂಡದ್ದು, ಮಾಡಿದ್ದು ಮುಖ್ಯವೇ. ಆದರೆ ಮರಳಿ ಬಂದ ಮೇಲೆ ಮನೆಯವರು ಒಪ್ಪಿಕೊಂಡರೇ, ಊರಿನವರು ‘ಕೊಲೆಗಾರ’ ಎಂದು ಬೆರಳು ತೋರಿಸಿದರೇ, ಶಾಲೆ ಸಿಕ್ಕಿತೇ ಎಂಬುದೂ ಅವರ ಮುಂದಿನ ಮನಃಸ್ಥಿತಿಯನ್ನು ನಿರ್ಧರಿಸಿತ್ತು. ಎರಡನೇ ಮಹಾಯುದ್ಧದಲ್ಲಿ ಫಿನ್‌ಲೆಂಡ್ ಸುಮಾರು 70,000 ಮಕ್ಕಳನ್ನು ಸುರಕ್ಷತೆಗಾಗಿ ಸ್ವೀಡನ್ನಿಗೆ ಕಳಿಸಿತ್ತು. ಹಾಗೆ ಹೋಗಿಬಂದ ಹುಡುಗಿಯರ ಹೆಣ್ಣುಮಕ್ಕಳಲ್ಲಿ ಕೂಡ ಖಿನ್ನತೆಯಂಥ ಕಾಯಿಲೆಗೆ ಆಸ್ಪತ್ರೆ ಸೇರುವ ಪ್ರಮಾಣ ಹೆಚ್ಚಿತ್ತೆಂದು ದಶಕಗಳ ನಂತರ ಕಂಡುಬಂತು. ಮಕ್ಕಳನ್ನು ಕಾಪಾಡಲೆಂದು ತಂದೆ ತಾಯಿಯಿಂದ ಬೇರ್ಪಡಿಸುವ ತೀರ್ಮಾನ ಮಾಡುವವರು ಇದನ್ನು ತಿಳಿದಿರಬೇಕು.

ಇಷ್ಟು ದೀರ್ಘಕಾಲ ಮಕ್ಕಳ ಜೊತೆಗಿರಬಲ್ಲ ಜಾಗ, ಮನೆ ಬಿಟ್ಟರೆ, ಶಾಲೆಯೊಂದೇ. ಅಲ್ಲಿ ಮಾಡಬಹುದಾದ ಬದಲಾವಣೆಗಳಿಗೆ ಹೆಚ್ಚು ಖರ್ಚಿಲ್ಲ. ಬೆಚ್ಚಿಬೀಳುವ ಮಗುವನ್ನು ಗೋಡೆಗೆ ಬೆನ್ನಾಗಿ, ಬಾಗಿಲು ಕಾಣುವಂತೆ ಕೂರಿಸಿ. ಹಿಂದಿನಿಂದ ಬಂದು ಹೆಗಲು ಮುಟ್ಟಬೇಡಿ. ಸೈರನ್ ಹೋಲುವ ಗಂಟೆ ಇದ್ದರೆ ಬದಲಿಸಿ. ಬೆಂಕಿ ಅಣಕು ಪ್ರದರ್ಶನವಿದ್ದರೆ ಹಿಂದಿನ ದಿನವೇ ತಿಳಿಸಿ. ತಡೆಯಲಾಗದಾಗ ಮೇಜಿನ ಮೇಲೊಂದು ಚೀಟಿ ಇಟ್ಟು, ಯಾರನ್ನೂ ಕೇಳದೆ ಐದು ನಿಮಿಷ ಹೊರಗೆ ಹೋಗಲು ಬಿಡಿ. ಹೋಗುವ ಜಾಗ ಮಾತ್ರ ಮೊದಲೇ ಗೊತ್ತಾಗಿರಬೇಕು, ಅಲ್ಲೊಬ್ಬ ಪರಿಚಿತ ದೊಡ್ಡವರಿರಬೇಕು. ಇಂಥ ಮಕ್ಕಳಿಗೆ ಒಂದೇ ಉಸಿರಿಗೆ ನಾಲ್ಕು ಸೂಚನೆ ಕೊಟ್ಟರೆ ನೆನಪಿನಲ್ಲಿ ನಿಲ್ಲುವುದಿಲ್ಲ, ಒಂದೊಂದಾಗಿ ಹಲಗೆಯ ಮೇಲೆ ಬರೆಯಬೇಕು. ‘ನನ್ನ ಕುಟುಂಬ’ ಎಂಬ ಪ್ರಬಂಧ ಬರೆಸುವ ಮುನ್ನ ತರಗತಿಯಲ್ಲಿ ಯಾರ್‍ಯಾರಿದ್ದಾರೆಂದು ಶಿಕ್ಷಕರು ಒಮ್ಮೆ ನೋಡಿಕೊಳ್ಳಲಿ.

ಗಲಾಟೆ ಮಾಡುವ ಹುಡುಗ ಎಲ್ಲರ ಕಣ್ಣಿಗೂ ಬೀಳುತ್ತಾನೆ. ಸುಮ್ಮನೆ ಕೂತವಳ ಕಡೆಗೇ ಹೆಚ್ಚು ಗಮನ ಬೇಕು. ಕಣ್ಣು ಒಂದೇ ಕಡೆ ನೆಟ್ಟಿರುತ್ತದೆ, ಕರೆದರೆ ಓಗೊಡುವುದಿಲ್ಲ. ಶಿಕ್ಷಕರು ಹಗಲುಗನಸು ಎಂದುಕೊಳ್ಳುತ್ತಾರೆ. ನೆನಪಿನ ಭಾರಕ್ಕೆ ಮನಸ್ಸು ಅಲ್ಲಿಂದ ಜಾರಿಹೋಗಿರುವ ಸ್ಥಿತಿ ಅದಾಗಿರಬಹುದು. ಗದರಿಸಿದರೆ, ಹಿಡಿದು ಅಲುಗಿಸಿದರೆ ಭಯ ಇಮ್ಮಡಿಯಾಗುತ್ತದೆ. ಎದುರಿಗೆ ನಿಂತು ಮೆಲ್ಲನೆ ಹೆಸರು ಹಿಡಿದು ಕರೆಯಿರಿ, ಎಲ್ಲಿದ್ದೀ, ಇವತ್ತು ಯಾವ ವಾರ ಎಂಬುದನ್ನು ನೀವೇ ಹೇಳಿ. ಪಾದಗಳನ್ನು ನೆಲಕ್ಕೆ ಒತ್ತಲು ಹೇಳಿ, ಕಣ್ಣಿಗೆ ಕಾಣುವ ಐದು ವಸ್ತುಗಳನ್ನು ಹೆಸರಿಸಲಿ, ತಣ್ಣೀರು ಕುಡಿಯಲಿ. ಪದೇ ಪದೇ ಹೀಗಾದರೆ ವೈದ್ಯರಿಗೆ ತೋರಿಸಲೇಬೇಕು, ಏಕೆಂದರೆ ಕೆಲವು ಬಗೆಯ ಮೂರ್ಛೆರೋಗವೂ ಹೀಗೇ ಕಾಣುತ್ತದೆ. ಸ್ಫೋಟದ ಹತ್ತಿರವಿದ್ದ ಮಕ್ಕಳಲ್ಲಿ ಕಿವಿ ಮತ್ತು ತಲೆಯ ಪೆಟ್ಟನ್ನೂ ಪರೀಕ್ಷಿಸಬೇಕು. ಕಿವಿ ಮಂದವಾದ ಮಗುವಿಗೆ ‘ಗಮನವಿಲ್ಲ’ ಎಂಬ ಹಣೆಪಟ್ಟಿ ಹಚ್ಚುವುದು ಅನ್ಯಾಯ.

ಮೂರು ವರ್ಷ ಶಾಲೆ ತಪ್ಪಿದ ಹದಿನಾಲ್ಕರ ಹುಡುಗನನ್ನು ಚಿಕ್ಕ ಮಕ್ಕಳ ಜೊತೆ ಕೂರಿಸಿದರೆ ಅವನು ನಾಚಿಕೆಯಿಂದಲೇ ಶಾಲೆ ಬಿಡುತ್ತಾನೆ. ಎರಡು ವರ್ಷದ ಪಾಠ ಒಂದರಲ್ಲಿ ಮುಗಿಸುವ, ಓರಗೆಯವರೇ ಇರುವ ತರಗತಿ ಅವನಿಗೆ ಬೇಕು.

ಮನೆಯವರನ್ನು ಹೆಚ್ಚು ಕಂಗೆಡಿಸುವುದು ರಾತ್ರಿಯ ಕೆಟ್ಟ ಕನಸು. ಇದಕ್ಕೆ ಹಗಲಿನಲ್ಲಿ ಮಾಡುವ ಒಂದು ಅಭ್ಯಾಸವಿದೆ. ಮಗು ಒಂದು ಕನಸನ್ನು ಆರಿಸಿ ಚಿತ್ರ ಬರೆಯುತ್ತದೆ ಅಥವಾ ಹೇಳುತ್ತದೆ. ಆಮೇಲೆ ಅದರಲ್ಲಿ ತನಗೆ ಬೇಕಾದಂತೆ ಏನನ್ನಾದರೂ ಬದಲಿಸುತ್ತದೆ: ಬಾಗಿಲು ತೆರೆದುಕೊಳ್ಳಬಹುದು, ಯಾರೋ ನೆರವಿಗೆ ಬರಬಹುದು, ವಿಮಾನ ಹಕ್ಕಿಯಾಗಬಹುದು. ಬದಲಾದ ಕನಸನ್ನು ದಿನಕ್ಕೆ ಹತ್ತು ನಿಮಿಷ, ಎರಡು ಮೂರು ವಾರ, ಕಣ್ಣ ಮುಂದೆ ತಂದುಕೊಳ್ಳುತ್ತದೆ. ಕೆಡುವುದು ಎಲ್ಲಿ ಗೊತ್ತೇ? ಅತಿ ಭಯಂಕರ ಕನಸಿನಿಂದಲೇ ಶುರುಮಾಡುತ್ತಾರೆ; ನಡುಮಟ್ಟದ್ದನ್ನು ಮೊದಲು ತೆಗೆದುಕೊಳ್ಳಬೇಕು. ಮಲಗುವ ಹೊತ್ತಿಗೆ ಮಾಡಿಸುತ್ತಾರೆ. ಕೊನೆ ಹೇಗಿರಬೇಕೆಂದು ದೊಡ್ಡವರೇ ಹೇಳಿಕೊಡುತ್ತಾರೆ, ಅದು ಮಗುವಿಗೆ ಒಗ್ಗುವುದಿಲ್ಲ. ಇನ್ನೂ ಡ್ರೋನ್ ಸದ್ದು ಕೇಳುವ ಊರಿನಲ್ಲಿ ಮಗು ಎಚ್ಚರವಾಗಿರುವುದನ್ನು ಕಾಯಿಲೆ ಎನ್ನಲೂಬಾರದು.

ಒಂದು ತಿಂಗಳು ದಾಟಿದರೂ ಬೇಡದ ನೆನಪು, ಅದನ್ನು ಕೆದಕುವ ಜಾಗ, ಮಾತುಗಳಿಂದ ತಪ್ಪಿಸಿಕೊಳ್ಳುವಿಕೆ, ಸದಾ ಕಟ್ಟೆಚ್ಚರ ಇವು ದಿನನಿತ್ಯದ ಬದುಕನ್ನು ಕೆಡಿಸುತ್ತಿದ್ದರೆ ಪಿಟಿಎಸ್‌ಡಿ ಇರಬಹುದು. ಆಗ ನೆನಪಿನ ಕಡೆಗೆ ಹೋಗಲೇಬೇಕು, ಆದರೆ ಕ್ರಮವಾಗಿ. ಒಂದು ಪದ್ಧತಿಯಲ್ಲಿ ನೆಲದ ಮೇಲೆ ಹಗ್ಗ ಹಾಸಿ, ಹುಟ್ಟಿದ ದಿನದಿಂದ ಇಂದಿನವರೆಗೆ ಒಳ್ಳೆಯ ಘಟನೆಗೆ ಹೂವು, ಕಷ್ಟದ ಘಟನೆಗೆ ಕಲ್ಲು ಇಡಿಸುತ್ತಾರೆ. ಮುಂದಿನ ಬೈಠಕ್ಕುಗಳಲ್ಲಿ ಒಂದೊಂದೇ ಕಲ್ಲನ್ನು ಎತ್ತಿಕೊಂಡು, ಎಲ್ಲಿ, ಯಾವಾಗ, ಆಗ ಮೈಗೆ ಏನನ್ನಿಸಿತು ಎಂದು ಕಥೆಯನ್ನು ಮೊದಲಿಂದ ಕೊನೆಗೆ ಕಟ್ಟುತ್ತಾರೆ. ಭಯ ಏರಿದ ಘಳಿಗೆಯಲ್ಲೇ ನಿಲ್ಲಿಸಿದರೆ ಆ ನೆನಪು ಇನ್ನಷ್ಟು ಹೆದರಿಸುತ್ತದೆ, ಇಳಿಯುವವರೆಗೆ ಜೊತೆಗಿರಬೇಕು. ಉಗಾಂಡಾದಲ್ಲಿ ಅಪಹರಣಕ್ಕೊಳಗಾಗಿ ಸೈನಿಕರಾಗಿದ್ದ ಯುವಜನರಿಗೆ ತರಬೇತಿ ಪಡೆದ ಸ್ಥಳೀಯರೇ ಎಂಟು ಬೈಠಕ್ಕುಗಳಲ್ಲಿ ಈ ಬಗೆಯ ಚಿಕಿತ್ಸೆ ಕೊಟ್ಟರು, ಗುಣವೂ ಕಂಡಿತು. ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ತರಬೇತಿ ಕೊಟ್ಟು ಕೈಬಿಟ್ಟರೆ ಮಾತ್ರ ಇದು ನಡೆಯುವುದಿಲ್ಲ. ಅನುಭವಿ ಚಿಕಿತ್ಸಕರು ನಿಯಮಿತವಾಗಿ ಇವರ ಕೆಲಸವನ್ನು ಪರಿಶೀಲಿಸಬೇಕು, ಇವರ ಮನಸ್ಸಿನ ದಣಿವನ್ನೂ ಕೇಳಬೇಕು.

ಪೋಷಕರನ್ನು ಬಿಟ್ಟು ಮಗುವಿಗಷ್ಟೇ ಮಾಡಿದ ಚಿಕಿತ್ಸೆ ಬೇಗ ಕರಗುತ್ತದೆ. ತಾಯಿಗೆ ತೀವ್ರ ಖಿನ್ನತೆ ಇದ್ದರೆ ಅವಳ ಚಿಕಿತ್ಸೆಯೇ ಮಗುವಿನ ಚಿಕಿತ್ಸೆಯ ಅರ್ಧ ಭಾಗ. ವಿಶ್ವ ಆರೋಗ್ಯ ಸಂಸ್ಥೆ ಹದಿಹರೆಯದ ಆರಂಭದಲ್ಲಿರುವವರಿಗೆ ರೂಪಿಸಿದ ಗುಂಪು ಕಾರ್ಯಕ್ರಮದಲ್ಲಿ ಮಕ್ಕಳಿಗೆ ಏಳು, ಪೋಷಕರಿಗೆ ಮೂರು ಬೈಠಕ್ಕುಗಳಿವೆ. ನೆರವಿನ ಹಣ ಕಡಿಮೆಯಾದಾಗ ಪೋಷಕರ ಆ ಮೂರನ್ನು ಕತ್ತರಿಸುವುದು ತೀರಾ ಕೆಟ್ಟ ಉಳಿತಾಯ.

ಹದಿನೆಂಟು ತುಂಬಿದ ದಿನ ಮಕ್ಕಳ ಸೇವೆಗಳ ಬಾಗಿಲು ಮುಚ್ಚುತ್ತದೆ. ಮಾದಕ ವಸ್ತು, ಹೊಡೆದಾಟ, ಆತ್ಮಹತ್ಯೆಯ ಯೋಚನೆ ಇವುಗಳ ಅಪಾಯ ಹೆಚ್ಚಿರುವ ವಯಸ್ಸೂ ಅದೇ. ಕನಿಷ್ಠ 25ರವರೆಗೆ ಅದೇ ಕೇಂದ್ರ, ಸಾಧ್ಯವಾದರೆ ಅದೇ ಆಪ್ತಸಮಾಲೋಚಕರು ಮುಂದುವರಿಯುವಂತೆ ನಿಯಮ ಬದಲಾಗಬೇಕು. ಮಕ್ಕಳ ಹಕ್ಕುಗಳ ಒಡಂಬಡಿಕೆಯ (1989) 39ನೇ ವಿಧಿ ಯುದ್ಧಕ್ಕೆ ತುತ್ತಾದ ಮಕ್ಕಳ ದೈಹಿಕ, ಮಾನಸಿಕ ಚೇತರಿಕೆಯನ್ನು ಸರ್ಕಾರಗಳ ಹೊಣೆಯಾಗಿಸಿದೆ. ಆ ಚೇತರಿಕೆಗೆ ಅದು ಕಾಲಮಿತಿ ಹಾಕಿಲ್ಲ.

ಪತ್ರಿಕೆಗಳಲ್ಲೂ ನಮ್ಮದೊಂದು ಕೋರಿಕೆ. ಯುದ್ಧ ಕಂಡ ಮಗುವಿನ ಮುಖ, ಹೆಸರು, ಊರು ಮೂರನ್ನೂ ಅಚ್ಚುಹಾಕಬೇಡಿ. ಹತ್ತು ವರ್ಷದ ನಂತರ ಆ ಚಿತ್ರವನ್ನು ಮೊಬೈಲಿನಲ್ಲಿ ಅದರ ಸಹಪಾಠಿಗಳು ನೋಡುತ್ತಾರೆ. ‘ಆ ದಿನ ಏನಾಯಿತು’ ಎಂದು ಮಗುವನ್ನು ಕೇಳುವ ಬದಲು ಈಗ ಏನು ಬೇಕೆಂದು ಕೇಳಿ. ಕದನ ವಿರಾಮದ ಮೂರನೇ, ಐದನೇ, ಹತ್ತನೇ ವರ್ಷಕ್ಕೆ ಅಲ್ಲಿಗೆ ಮತ್ತೆ ವರದಿಗಾರರನ್ನು ಕಳಿಸಿ. ತರಬೇತಿ ಪಡೆದ ಶಿಕ್ಷಕರಲ್ಲಿ ಎಷ್ಟು ಮಂದಿ ಇನ್ನೂ ಅದೇ ಶಾಲೆಯಲ್ಲಿದ್ದಾರೆ, ನೆರವು ಸಂಸ್ಥೆ ಹೋದ ಮೇಲೆ ಆಪ್ತಸಮಾಲೋಚಕರ ಸಂಬಳ ಯಾವ ಲೆಕ್ಕಶೀರ್ಷಿಕೆಯಿಂದ ಬರುತ್ತಿದೆ ಎಂದು ಅಧಿಕಾರಿಗಳನ್ನು ಕೇಳಿ, ಉತ್ತರವನ್ನು ಅಂಕಿಗಳ ಸಮೇತ ಪ್ರಕಟಿಸಿ.

ಇಂತಿ,
ಮಕ್ಕಳ ಮಾನಸಿಕ ಆರೋಗ್ಯ ಕ್ಷೇತ್ರದ ಕೆಲವರು